50 ಸಾವಿರದ ಗೇಮಿಂಗ್ ಪಿಸಿ: ಮೂರು ದಾರಿ ನೋಡಿದ ಮೇಲೆ ನನ್ನ ಓಟು ಹೊಸ ಆರ್‌ಎಕ್ಸ್ 6600ಕ್ಕೆ

ಮೊದಲೇ ಹೇಳಿಬಿಡುತ್ತೇನೆ. 50 ಸಾವಿರದ ಆಸುಪಾಸಿನಲ್ಲಿ ಗೇಮಿಂಗ್ ಪಿಸಿ ಬೇಕು ಅಂತ ಯಾರೇ ಕೇಳಿದರೂ ನಾನು ಎಎಂಡಿ ಕಂಪನಿಯ ಹೊಸ ಆರ್‌ಎಕ್ಸ್ 6600 ಗ್ರಾಫಿಕ್ಸ್ ಕಾರ್ಡ್ (ಪರದೆ ಮೇಲೆ ಗೇಮಿನ ಚಿತ್ರ ಮೂಡಿಸುವ ಭಾಗ) ಹಾಕಿಸಿಕೊಳ್ಳಿ ಅನ್ನುತ್ತೇನೆ. ಕಾರ್ಡೇ ಇಲ್ಲದೆ ಐದು ತಿಂಗಳು ಆಡಿದ್ದೇನೆ. ಸೆಕೆಂಡ್ ಹ್ಯಾಂಡ್ ಕಾರ್ಡ್ ಹಾಕಿಕೊಂಡು ಏಳು ತಿಂಗಳು ಒದ್ದಾಡಿದ್ದೇನೆ. ಹೊಸ ಕಾರ್ಡ್ ಬಂದು ವರ್ಷದ ಮೇಲಾಯಿತು. ಮೂರನ್ನೂ ನೋಡಿದ್ದು ಒಂದೇ ಕ್ಯಾಬಿನೆಟ್‌ನಲ್ಲಿ, ಒಂದೇ ಮಾನಿಟರ್‌ನಲ್ಲಿ, ತುಮಕೂರಿನ ನಮ್ಮ ಮನೆಯ ಅದೇ ರೂಮಿನಲ್ಲಿ.

ಶುರುವಾಗಿದ್ದು 2022ರ ಅಕ್ಟೋಬರಿನಲ್ಲಿ. ಎರಡು ವರ್ಷ ಕೈಗೆ ಸಿಗದಷ್ಟು ಮೇಲಿದ್ದ ಗ್ರಾಫಿಕ್ಸ್ ಕಾರ್ಡ್ ಬೆಲೆ ಆಗಷ್ಟೇ ಇಳಿಯುತ್ತಿತ್ತು. ನನ್ನ ಹತ್ತಿರ ಇದ್ದದ್ದು 35 ಸಾವಿರ, ಅದರಲ್ಲೇ ಮಾನಿಟರ್ ಕೂಡ ಆಗಬೇಕಿತ್ತು. ಬೆಂಗಳೂರಿಗೆ ಹೋಗಿ, ಚಿಕ್ಕಪೇಟೆ ಮೆಟ್ರೊದಲ್ಲಿ ಇಳಿದು, ಕಂಪ್ಯೂಟರ್ ಅಂಗಡಿಗಳ ಎಸ್‌ಪಿ ರೋಡ್‌ನಲ್ಲಿ ಬೆಳಗ್ಗೆಯಿಂದ ಸಂಜೆ ತನಕ ಅಲೆದೆ. ಕೊನೆಗೆ ರೈಜೆನ್ 5 5600ಜಿ ಪ್ರೊಸೆಸರ್ ತಗೊಂಡೆ. ಇದರಲ್ಲಿ ಗ್ರಾಫಿಕ್ಸ್ ಪ್ರೊಸೆಸರ್‌ನ ಒಳಗೇ ಇರುತ್ತದೆ. ಬೇರೆ ಕಾರ್ಡ್ ಬೇಡ.

ಇದರ ಬಗ್ಗೆ ನನಗೆ ದೊಡ್ಡ ದೂರೇನೂ ಇಲ್ಲ. ಒಂದೇ ಒಂದು ವಿಷಯ ಗೊತ್ತಿರಬೇಕು. ಒಳಗಿನ ಗ್ರಾಫಿಕ್ಸ್‌ಗೆ ಸ್ವಂತ ಮೆಮೊರಿ ಇಲ್ಲ, ಕಂಪ್ಯೂಟರ್‌ನ ರ‍್ಯಾಮನ್ನೇ ಹಂಚಿಕೊಳ್ಳುತ್ತದೆ. ಹಾಗಾಗಿ ರ‍್ಯಾಮ್ ಎಷ್ಟು ವೇಗವೋ ಗೇಮ್ ಅಷ್ಟೇ ವೇಗ. ಅಂಗಡಿಯವರು "ಸದ್ಯಕ್ಕೆ 8 ಜಿಬಿ ಒಂದು ಸ್ಟಿಕ್ ಹಾಕ್ಕೊಳಿ ಸಾರ್, ಮುಂದೆ ಇನ್ನೊಂದು ಸೇರಿಸಿದ್ರಾಯ್ತು" ಅಂದರು. ಹಾಗೇ ಮಾಡಿದೆ. ಜಿಟಿಎ 5 ಗೇಮಿನಲ್ಲಿ ಕಾರು ಸ್ವಲ್ಪ ಜೋರಾಗಿ ಓಡಿಸಿದರೆ ಸಾಕು, ರಸ್ತೆ ತಡೆದು ತಡೆದು ಬರುತ್ತಿತ್ತು. 40 ಎಫ್‌ಪಿಎಸ್ (ಸೆಕೆಂಡಿಗೆ ಮೂಡುವ ಚಿತ್ರಗಳು) ಕೂಡ ನಿಲ್ಲುತ್ತಿರಲಿಲ್ಲ. ಎರಡು ತಿಂಗಳ ಮೇಲೆ ಇನ್ನೊಂದು 8 ಜಿಬಿ ಸ್ಟಿಕ್ ಹಾಕಿದೆ. ಅದೇ ಗೇಮ್, ಅದೇ ಸೆಟ್ಟಿಂಗ್, 60ರ ಹತ್ತಿರ ಬಂತು. ಎರಡು ಸ್ಟಿಕ್ ಇದ್ದಾಗ ಎರಡು ಚಾನೆಲ್‌ನಲ್ಲಿ ಡೇಟಾ ಹರಿಯುತ್ತದೆ, ಅದಕ್ಕೆ ಈ ವ್ಯತ್ಯಾಸ. 5600ಜಿ ತಗೊಳ್ಳುವವರು ದಯವಿಟ್ಟು ಮೊದಲ ದಿನವೇ ಎರಡು ಸ್ಟಿಕ್ ಹಾಕಿಸಿ.

ನನ್ನ ತಮ್ಮ ಆಡುವುದು ವ್ಯಾಲರಂಟ್, ಗ್ರಾಫಿಕ್ಸ್ ಜಾಸ್ತಿ ಬೇಡದ ಶೂಟಿಂಗ್ ಗೇಮ್. ಅವನಿಗೆ ಇಷ್ಟು ಧಾರಾಳವಾಗಿ ಸಾಕಾಗಿತ್ತು. ನನಗೆ ಕಥೆ ಇರುವ ಗೇಮ್‌ಗಳ ಹುಚ್ಚು. ರೆಡ್ ಡೆಡ್ ರಿಡೆಂಪ್ಷನ್ 2 ಹಾಕಿದರೆ ಚಿತ್ರದ ರೆಸಲ್ಯೂಷನ್ 720ಪಿಗೆ ಇಳಿಸಿ, ಎಲ್ಲವನ್ನೂ ಲೋ ಮಾಡಿ ಆಡಬೇಕಿತ್ತು. ಹಿಮದ ಮೇಲೆ ಕುದುರೆ ಹೋಗುತ್ತಿದ್ದರೆ ಅದರ ಕಾಲು ಎಲ್ಲಿ, ಹಿಮ ಎಲ್ಲಿ ಅಂತ ಗೊತ್ತಾಗದಷ್ಟು ಮಸುಕು. ಆಗ ಕಾರ್ಡ್ ಬೇಕು ಅನ್ನಿಸಿತು.

ಇನ್ನು ಎರಡನೇ ದಾರಿ. ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ಬಜೆಟ್ ಕಡಿಮೆ ಇರುವವರು ಜಾಸ್ತಿ ಬೀಳುವುದು ಇಲ್ಲೇ.

2022ರ ಸೆಪ್ಟೆಂಬರ್ 15ರಂದು ಇಥೀರಿಯಂ ಎಂಬ ಕ್ರಿಪ್ಟೊ ಕರೆನ್ಸಿ ತನ್ನ ಪದ್ಧತಿ ಬದಲಿಸಿತು. ಗ್ರಾಫಿಕ್ಸ್ ಕಾರ್ಡ್‌ಗಳಿಂದ ಅದನ್ನು ಮೈನಿಂಗ್ ಮಾಡುವುದು, ಅಂದರೆ ಕಾರ್ಡ್‌ನಿಂದ ಲೆಕ್ಕ ಮಾಡಿಸಿ ಆ ಕರೆನ್ಸಿ ಗಳಿಸುವುದು, ಅವತ್ತಿಗೆ ನಿಂತುಹೋಯಿತು. ವರ್ಷಗಟ್ಟಲೆ ಹಗಲೂ ರಾತ್ರಿ ಓಡಿದ್ದ ಕಾರ್ಡ್‌ಗಳೆಲ್ಲ ಹಳೆ ಸಾಮಾನಿನ ಮಾರುಕಟ್ಟೆಗೆ ಬಂದವು. ಎಎಂಡಿಯದೇ ಹಳೆ ಕಾರ್ಡ್ ಆದ 8 ಜಿಬಿಯ ಆರ್‌ಎಕ್ಸ್ 580 ಏಳೆಂಟು ಸಾವಿರಕ್ಕೆ ಸಿಗತೊಡಗಿತು. 2023ರ ಮಾರ್ಚ್‌ನಲ್ಲಿ ನಾನೂ ಒಂದು ತಗೊಂಡೆ, 7,500 ಕೊಟ್ಟು. "ಮನೇಲಿ ಗೇಮಿಂಗ್‌ಗೆ ಅಷ್ಟೇ ಯೂಸ್ ಮಾಡಿದ್ದು ಬ್ರೋ" ಅಂದ ಮಾರಿದವನು. ಕಾರ್ಡ್ ಓಡುವ ವಿಡಿಯೊ ತೋರಿಸಿದ. ಮೆಟ್ರೊ ಸ್ಟೇಷನ್ ಹೊರಗೆ ನಿಂತು ದುಡ್ಡು ಕೊಟ್ಟು ತಂದೆ. ನನ್ನ ಕಣ್ಣೆದುರು ಅರ್ಧ ಗಂಟೆ ಓಡಿಸಿ ನೋಡಲಿಲ್ಲ. ತಪ್ಪಾಗಿದ್ದು ಅಲ್ಲೇ.

ಮೊದಲ ರಾತ್ರಿ ಖುಷಿಯೋ ಖುಷಿ. 1080ಪಿಯಲ್ಲಿ ಕುದುರೆಯ ಕೂದಲು ಕೂಡ ಕಾಣುತ್ತಿತ್ತು. ಇಪ್ಪತ್ತು ನಿಮಿಷ ಆಗಿರಬೇಕು, ಪರದೆ ಕಪ್ಪಾಯಿತು. ಕಾರ್ಡ್‌ನ ಎರಡೂ ಫ್ಯಾನ್ ಪೂರ್ತಿ ವೇಗಕ್ಕೆ ಏರಿದವು. ಹೆಡ್‌ಫೋನ್‌ನಲ್ಲಿ ಗೊರಸಿನ ಸದ್ದು ಇನ್ನೂ ಎರಡು ಮೂರು ಸೆಕೆಂಡ್ ಬಂತು, ಆಮೇಲೆ ಅದೂ ನಿಂತಿತು. ಪವರ್ ಬಟನ್ ಒತ್ತಿ ಹಿಡಿದು ಆಫ್ ಮಾಡಿ ಮತ್ತೆ ಹಾಕಿದೆ. ಮತ್ತೆ ಇಪ್ಪತ್ತು ನಿಮಿಷ, ಮತ್ತೆ ಅದೇ.

ಮೊದಲು ಡ್ರೈವರ್ (ಕಾರ್ಡನ್ನು ನಡೆಸುವ ಸಾಫ್ಟ್‌ವೇರ್) ಪೂರ್ತಿ ತೆಗೆದು ಹೊಸದಾಗಿ ಹಾಕಿದೆ. ಆಗಲಿಲ್ಲ. ಒಳಗಿನ ಭಾಗಗಳಿಗೆಲ್ಲ ಕರೆಂಟ್ ಕೊಡುವ ಎಸ್‌ಎಂಪಿಎಸ್ ಮೇಲೆ ಅನುಮಾನ ಬಂತು. ಕ್ಯಾಬಿನೆಟ್ ಜೊತೆಗೇ ಬಂದಿದ್ದ 450 ವ್ಯಾಟ್‌ನದು, ಎತ್ತಿದರೆ ಖಾಲಿ ಡಬ್ಬಿಯಷ್ಟು ಹಗುರ. ಕಾರ್ಡ್‌ಗೆ ಬೇಕಾದ 8 ಪಿನ್ ವೈರ್ ಕೂಡ ಅದರಲ್ಲಿ ಇರಲಿಲ್ಲ, ಹಳೆ ಹಾರ್ಡ್ ಡಿಸ್ಕ್‌ನ ವೈರ್‌ಗೆ ಕನ್ವರ್ಟರ್ ಹಾಕಿ ಕೊಟ್ಟಿದ್ದೆ. ನೂರಕ್ಕಿಂತ ಜಾಸ್ತಿ ವ್ಯಾಟ್ ಎಳೆಯುವ ಕಾರ್ಡ್‌ಗೆ ಹೀಗೆ ಕರೆಂಟ್ ಕೊಡುವುದು ಅಪಾಯ, ವೈರ್ ಸುಡಬಹುದು. 4,200 ಕೊಟ್ಟು 550 ವ್ಯಾಟ್‌ನ, 80 ಪ್ಲಸ್ ಬ್ರಾಂಝ್ ದಕ್ಷತೆ ಗುರುತಿನ ಎಸ್‌ಎಂಪಿಎಸ್ ಹಾಕಿದೆ. ಆ ದುಡ್ಡಿಗೆ ಮೋಸವಿಲ್ಲ, ಇವತ್ತಿಗೂ ಅದೇ ಓಡುತ್ತಿದೆ. ಆದರೆ ಪರದೆ ಮತ್ತೆ ಕಪ್ಪಾಯಿತು.

ಆಮೇಲೆ ಕಾರ್ಡನ್ನೇ ಬಿಚ್ಚಿದೆ. ಹಿಂದಿನ ನಾಲ್ಕು ಸ್ಕ್ರೂ ತೆಗೆದರೆ ಹೀಟ್‌ಸಿಂಕ್ ಬರುತ್ತದೆ. ಚಿಪ್‌ನ ಬಿಸಿಯನ್ನು ಹೀಟ್‌ಸಿಂಕ್‌ಗೆ ದಾಟಿಸುವ ಥರ್ಮಲ್ ಪೇಸ್ಟ್ ಗೋಡೆಯ ಹಳೆ ಸುಣ್ಣದ ಹಾಗೆ ಒಣಗಿತ್ತು, ಉಗುರಲ್ಲಿ ಕೆರೆದರೆ ಪುಡಿ ಪುಡಿ ಉದುರಿತು. ಮೆಮೊರಿ ಚಿಪ್‌ಗಳ ಸುತ್ತ ಎಣ್ಣೆ ಜಿನುಗಿತ್ತು. ಆಗಲೇ ನನಗೆ ಇದು ಮನೆಯಲ್ಲಿ ಗೇಮ್ ಆಡಿದ ಕಾರ್ಡ್ ಅಲ್ಲ ಅಂತ ಖಾತ್ರಿಯಾಯಿತು. ಹೊಸ ಪೇಸ್ಟ್ ಹಚ್ಚಿದ ಮೇಲೆ ಬಿಸಿ 88 ಡಿಗ್ರಿಯಿಂದ 74ಕ್ಕೆ ಇಳಿಯಿತು. ಪರದೆ ಕಪ್ಪಾಗುವುದು ಇಪ್ಪತ್ತರ ಬದಲು ನಲವತ್ತು ನಿಮಿಷಕ್ಕೆ ಹೋಯಿತು, ನಿಲ್ಲಲಿಲ್ಲ.

ಉತ್ತರ ಸಿಕ್ಕಿದ್ದು ಎರಡು ಉಚಿತ ಸಾಫ್ಟ್‌ವೇರ್‌ಗಳಿಂದ. ಜಿಪಿಯು-ಝಡ್ ತೆರೆದರೆ ಶೇಡರ್ (ಚಿತ್ರದ ಲೆಕ್ಕ ಮಾಡುವ ಸಣ್ಣ ಘಟಕ) ಸಂಖ್ಯೆ 2048 ಅಂತ ತೋರಿಸಿತು. ಮೂಲ ಆರ್‌ಎಕ್ಸ್ 580ಯಲ್ಲಿ 2304 ಇರುತ್ತದೆ. 2048 ಇರುವುದು 570ರಲ್ಲಿ. 580 ಹೆಸರಿನಲ್ಲೇ 2048 ಶೇಡರ್‌ನ ಇನ್ನೊಂದು ಮಾದರಿಯೂ ಇದೆ, ನನಗೆ ಸಿಕ್ಕಿದ್ದು ಅದು. ಎರಡನೆಯದು ಎಚ್‌ಡಬ್ಲ್ಯುಇನ್ಫೊ. ಅದರಲ್ಲಿ ಗ್ರಾಫಿಕ್ಸ್ ಮೆಮೊರಿಯ ದೋಷ ಎಣಿಸುವ ಒಂದು ಸಾಲಿದೆ. ಸೊನ್ನೆ ಇರಬೇಕು. ಗೇಮ್ ಶುರು ಮಾಡಿದ ಹತ್ತು ನಿಮಿಷಕ್ಕೆ ನನ್ನ ಕಾರ್ಡ್‌ನಲ್ಲಿ ಅದು ಸಾವಿರ ದಾಟಿತ್ತು.

ಕಾರಣ ಏನೆಂದರೆ, ಮೈನಿಂಗ್ ಮಾಡುವವರು ಕಾರ್ಡ್‌ನ ಬಯೋಸ್ (ಕಾರ್ಡ್‌ನ ಒಳಗೇ ಬರೆದಿಟ್ಟ ಮೂಲ ಸಾಫ್ಟ್‌ವೇರ್) ತಿದ್ದುತ್ತಾರೆ. ಮೆಮೊರಿಯ ಟೈಮಿಂಗ್ ಬಿಗಿ ಮಾಡುತ್ತಾರೆ, ಚಿಪ್‌ನ ವೋಲ್ಟೇಜ್ ಇಳಿಸುತ್ತಾರೆ. ಮೈನಿಂಗ್‌ನಲ್ಲಿ ಕೆಲಸ ಒಂದೇ ಸಮ ಇರುತ್ತದೆ, ಹಾಗಾಗಿ ನಡೆಯುತ್ತದೆ. ಗೇಮ್‌ನಲ್ಲಿ ಹಾಗಲ್ಲ, ಒಂದು ಕ್ಷಣ ಸುಮ್ನೆ ಆಕಾಶ, ಮರುಕ್ಷಣ ಊರಿಗೆ ಊರೇ ಎದುರಿಗೆ. ಆ ಏರಿಳಿತದಲ್ಲಿ ಕಾರ್ಡ್ ಕೈ ಕೊಡುತ್ತದೆ. ಅದೇ ಕಂಪನಿಯ, ಅದೇ ಮೆಮೊರಿ ಚಿಪ್ ಇರುವ ಕಾರ್ಡ್‌ನ ಮೂಲ ಬಯೋಸ್ ಹುಡುಕಿ ಹಾಕಬೇಕು. ಬೇರೆಯದು ಹಾಕಿದರೆ ಕಾರ್ಡ್ ಏಳುವುದೇ ಇಲ್ಲ. ನನಗೆ ಮೊದಲ ಸಲ ಹಾಗೇ ಆಯಿತು. 5600ಜಿಯಲ್ಲಿ ಒಳಗೇ ಗ್ರಾಫಿಕ್ಸ್ ಇದ್ದದ್ದರಿಂದ ಮಾನಿಟರ್‌ನ ಕೇಬಲ್ಲನ್ನು ಮದರ್‌ಬೋರ್ಡ್‌ಗೆ ಹಾಕಿ, ಪರದೆ ನೋಡಿಕೊಂಡೇ ಸರಿಮಾಡಿದೆ. ಒಳಗೆ ಗ್ರಾಫಿಕ್ಸ್ ಇಲ್ಲದ ಪ್ರೊಸೆಸರ್ ಆಗಿದ್ದರೆ ಆ ರಾತ್ರಿ ಪರದೆಯೇ ಇರುತ್ತಿರಲಿಲ್ಲ.

ಮೂಲ ಬಯೋಸ್ ಹಾಕಿದ ಮೇಲೆ ನಾಲ್ಕು ತಿಂಗಳು ಚೆನ್ನಾಗಿ ಓಡಿತು. ಅಕ್ಟೋಬರಿನಲ್ಲಿ ಒಂದು ದಿನ ಪರದೆ ತುಂಬ ಹಸಿರು ಚುಕ್ಕಿ, ರಾಗಿ ಚೆಲ್ಲಿದ ಹಾಗೆ. ಮೆಮೊರಿ ಚಿಪ್ ಹೋಗಿದೆ ಅಂದರು ರಿಪೇರಿಯವರು. 2,500 ಆಗುತ್ತದೆ, ಗ್ಯಾರಂಟಿ ಇಲ್ಲ. ಮಾರಿದವನು ಫೋನ್ ಎತ್ತಲಿಲ್ಲ. ಅಲ್ಲಿಗೆ ಬಿಟ್ಟೆ. ಅಷ್ಟೇ ಅಲ್ಲ, ಆ ತಲೆಮಾರಿನ ಕಾರ್ಡ್‌ಗಳಿಗೆ ಎಎಂಡಿ 2023ರಿಂದ ಡ್ರೈವರ್ ಅಪ್‌ಡೇಟ್ ಕೂಡ ಕಡಿಮೆ ಮಾಡಿದೆ. ಹೊಸ ಗೇಮ್‌ಗಳ ಆಸೆ ಇದ್ದರೆ ಅದನ್ನೂ ಲೆಕ್ಕಕ್ಕೆ ತಗೊಳ್ಳಬೇಕು.

2023ರ ನವೆಂಬರಿನಲ್ಲಿ ಎಸ್‌ಪಿ ರೋಡ್‌ನಿಂದ ಹೊಸ ಆರ್‌ಎಕ್ಸ್ 6600 ತಂದೆ. 20,500. ಬಿಲ್ ಇಲ್ಲದೆ ತಗೊಂಡರೆ ಕಡಿಮೆ ಮಾಡಿಕೊಡ್ತೀವಿ ಅಂತ ಒಂದು ಅಂಗಡಿಯಲ್ಲಿ ಹೇಳಿದರು. ನಾನು ಅಲ್ಲಿಂದ ಎದ್ದು ಬಂದೆ. ಏಳು ತಿಂಗಳು ಒದ್ದಾಡಿದ ಮೇಲೆ ನನಗೆ ಬೇಕಿದ್ದದ್ದು ಮೂರು ವರ್ಷದ ವಾರಂಟಿ, ಅದಕ್ಕೆ 18% ಜಿಎಸ್‌ಟಿ ಹಾಕಿದ ಬಿಲ್ ಬೇಕೇ ಬೇಕು. ಕಾರ್ಡ್ ಮೇಲಿನ ಸೀರಿಯಲ್ ನಂಬರ್, ಡಬ್ಬಿಯದು, ಬಿಲ್‌ನಲ್ಲಿ ಬರೆದದ್ದು, ಮೂರೂ ಒಂದೇನಾ ಅಂತ ಅಲ್ಲೇ ನಿಂತು ಓದಿ ನೋಡಿದೆ.

ಆಟದ ಬಗ್ಗೆ ಹೇಳಲು ಜಾಸ್ತಿ ಇಲ್ಲ. 1080ಪಿಯಲ್ಲಿ ನಾನು ಆಡುವ ಎಲ್ಲವೂ ಹೈ ಸೆಟ್ಟಿಂಗ್‌ನಲ್ಲಿ ಸಲೀಸು. ನನ್ನ ಮಾನಿಟರ್ 75 ಹರ್ಟ್ಸ್‌ದು, ಅಂದರೆ ಸೆಕೆಂಡಿಗೆ 75 ಚಿತ್ರ ತೋರಿಸುತ್ತದೆ. ಕುದುರೆಯ ಗೇಮ್ ಅದಕ್ಕೆ ಸರಿಯಾಗಿ ಓಡುತ್ತದೆ, ಫೋರ್ಜಾ ಹೊರೈಜನ್ 5 ಅದನ್ನೂ ದಾಟುತ್ತದೆ. ನನ್ನ ಮದರ್‌ಬೋರ್ಡ್ ಬಿ450, ಅದರಲ್ಲಿ ಕಾರ್ಡ್ ಕೂರಿಸುವ ಸ್ಲಾಟ್ ಪಿಸಿಐಇ 3.0 ಮಾತ್ರ. ಕಾರ್ಡ್ 4.0ದು, 8 ಲೇನ್‌ನದು (ಲೇನ್ ಅಂದರೆ ಡೇಟಾ ಓಡುವ ದಾರಿ). ಅದರಿಂದ ತೊಂದರೆ ಆಗುತ್ತದೇನೋ ಅಂತ ಹೆದರಿದ್ದೆ, ಆಡುವಾಗ ಏನೂ ಗೊತ್ತಾಗಲಿಲ್ಲ. ಆದರೆ ಆರ್‌ಎಕ್ಸ್ 6500 ಎಕ್ಸ್‌ಟಿ ಕಾರ್ಡ್‌ನಲ್ಲಿ ಇರುವುದು 4 ಲೇನ್, 4 ಜಿಬಿ. ಹಳೆ ಬೋರ್ಡ್‌ನಲ್ಲಿ ಅದು ಸೊರಗುತ್ತದೆ, ಅಗ್ಗ ಅಂತ ಕೈ ಹಾಕಬೇಡಿ. ಎನ್‌ವಿಡಿಯಾ ಕಂಪನಿಯ ಆರ್‌ಟಿಎಕ್ಸ್ 3050 ಕೂಡ ನೋಡಿದ್ದೆ. ಅವತ್ತು ಅದಕ್ಕೆ 6600ಗಿಂತ ಬೆಲೆ ಜಾಸ್ತಿ, ವೇಗ ಕಡಿಮೆ. ಡಿಎಲ್‌ಎಸ್‌ಎಸ್ (ಸಣ್ಣ ರೆಸಲ್ಯೂಷನ್‌ನ ಚಿತ್ರವನ್ನು ಹಿಗ್ಗಿಸಿ ಗೇಮಿನ ವೇಗ ಹೆಚ್ಚಿಸುವ ಎನ್‌ವಿಡಿಯಾ ಸೌಲಭ್ಯ) ಬೇಕೇ ಬೇಕು ಅನ್ನುವವರಿಗೆ ಮಾತ್ರ.

ನನಗೆ 6600 ಇಷ್ಟವಾಗಿದ್ದು ಕರೆಂಟ್ ವಿಷಯದಲ್ಲಿ. ಪ್ಲಗ್ಗಿಗೆ ಹಾಕುವ ಸಣ್ಣ ಮೀಟರ್ ಒಂದಿದೆ ನನ್ನ ಹತ್ತಿರ. 580 ಇದ್ದಾಗ ಗೇಮ್ ಆಡುತ್ತಿದ್ದರೆ ಮಾನಿಟರ್ ಸೇರಿ 280 ವ್ಯಾಟ್ ತೋರಿಸುತ್ತಿತ್ತು. ಈಗ 205. ದಿನಕ್ಕೆ ಮೂರು ಗಂಟೆ ಆಡಿದರೆ ತಿಂಗಳಿಗೆ ಆರೂವರೆ ಯುನಿಟ್‌ಗಿಂತ ಜಾಸ್ತಿ ಉಳಿಯಿತು. ಗೃಹಜ್ಯೋತಿಯಲ್ಲಿ ನಮ್ಮ ಮನೆಗೆ ಸಿಗುವುದು ಹಳೆಯ ಸರಾಸರಿ ಮೇಲೆ 10% ಅಷ್ಟೇ. ಅದು ದಾಟಿದ ತಿಂಗಳು ಅಪ್ಪ ಬಿಲ್ ಹಿಡಿದುಕೊಂಡು ನನ್ನ ರೂಮಿಗೇ ಬರುತ್ತಾರೆ. ಇನ್ನೊಂದು ಯುಪಿಎಸ್. ನನ್ನದು 600 ವಿಎ, ಅಂದರೆ 360 ವ್ಯಾಟ್ ಮಾತ್ರ. ಬೇಸಿಗೆಯಲ್ಲಿ ಕರೆಂಟ್ ಹೋದರೆ 580 ಇದ್ದಾಗ ಎರಡು ನಿಮಿಷಕ್ಕೇ ಕೂಗಿ ಆಫ್ ಆಗುತ್ತಿತ್ತು. ಈಗ ಆರು ನಿಮಿಷ ಸಿಗುತ್ತದೆ. ಗೇಮ್ ಸೇವ್ ಮಾಡಿ ಆಫ್ ಮಾಡಲು ಬೇಕಾದಷ್ಟು. ಸದ್ದೂ ಕಡಿಮೆ. ನಾನು ಆಡುವುದು ರಾತ್ರಿ ಹತ್ತರ ಮೇಲೆ, ಪಕ್ಕದ ರೂಮಿನಲ್ಲಿ ಅಮ್ಮ ಮಲಗಿರುತ್ತಾರೆ. 580ರ ಫ್ಯಾನ್‌ಗೆ ಅವರಿಗೆ ಎಚ್ಚರವಾಗುತ್ತಿತ್ತು.

ವ್ಯಾಲರಂಟ್ ಥರದ ಗೇಮ್ ಮಾತ್ರ ಆಡುವವರಾದರೆ 5600ಜಿ, ಎರಡು ಸ್ಟಿಕ್ ರ‍್ಯಾಮ್, ಒಳ್ಳೆ ಎಸ್‌ಎಂಪಿಎಸ್ ಹಾಕಿಸಿ ನಿಲ್ಲಿಸಿ. ಮುಂದೆ ದುಡ್ಡು ಬಂದಾಗ ಕಾರ್ಡ್ ಸೇರಿಸಬಹುದು. ನಾನು ಮತ್ತೆ ಮೊದಲಿಂದ ಶುರು ಮಾಡುವುದಾದರೂ ಕಾರ್ಡ್‌ಗೆ ದುಡ್ಡು ಸೇರುವ ತನಕ ಹೀಗೇ ಕಾಯುತ್ತಿದ್ದೆ, 580 ಮುಟ್ಟುತ್ತಿರಲಿಲ್ಲ.

ಒಟ್ಟಿಗೇ ಕಟ್ಟುವವರಿಗೆ ಜಿ ಇಲ್ಲದ ರೈಜೆನ್ 5 5600 ವಾಸಿ, ಅದರಲ್ಲಿ ಕ್ಯಾಶ್ (ಪ್ರೊಸೆಸರ್ ಒಳಗಿನ ವೇಗದ ಮೆಮೊರಿ) 16ರ ಬದಲು 32 ಎಂಬಿ ಇದೆ. ಒಳಗೆ ಗ್ರಾಫಿಕ್ಸ್ ಇರುವುದಿಲ್ಲ, ನೆನಪಿರಲಿ. ಬಿ450 ಬೋರ್ಡ್ ತಗೊಂಡರೆ 5000 ಸರಣಿಗೆ ಬಯೋಸ್ ಅಪ್‌ಡೇಟ್ ಆಗಿದೆಯಾ ಅಂತ ಅಂಗಡಿಯಲ್ಲೇ ಆನ್ ಮಾಡಿಸಿ ನೋಡಿ. 2024ರ ನವೆಂಬರಿನಲ್ಲಿ ಗೆಳೆಯನಿಗೆ ಇದನ್ನೇ ಕೊಡಿಸಿದೆ: ಪ್ರೊಸೆಸರ್ 10,500, ಬೋರ್ಡ್ 7,000, 8 ಜಿಬಿಯ ಎರಡು ಸ್ಟಿಕ್ 3,500, 500 ಜಿಬಿ ಎಸ್‌ಎಸ್‌ಡಿ 3,000, ಆರ್‌ಎಕ್ಸ್ 6600 20,000, ಎಸ್‌ಎಂಪಿಎಸ್ 4,000, ಕ್ಯಾಬಿನೆಟ್ 2,500. ಅವತ್ತಿನ ಬೆಲೆಗೆ ಒಟ್ಟು 50,500, ಮಾನಿಟರ್ ಬಿಟ್ಟು. ಹೋಗುವುದಾದರೆ ಶನಿವಾರ ಬೆಳಗ್ಗೆಯೇ ಹೋಗಿ, ಭಾನುವಾರ ಎಸ್‌ಪಿ ರೋಡ್‌ನಲ್ಲಿ ಬಹಳಷ್ಟು ಅಂಗಡಿ ಮುಚ್ಚಿರುತ್ತವೆ.