ಎರಡಡಿ ವಿಟ್ರಿಫೈಡ್ ಟೈಲ್ಸ್: ಎಷ್ಟು ಬಾಕ್ಸ್ ತರಬೇಕು?

ಕಾಸರಗೋಡಿನ ಅಂಗಡಿಗಳಲ್ಲಿ ಸಿಗುವ 600×600 ಮಿ.ಮೀ. ವಿಟ್ರಿಫೈಡ್ ಟೈಲ್ಸ್ ಹಾಲ್, ಬೆಡ್‌ರೂಮಿಗೆ ಒಳ್ಳೆಯ ಆಯ್ಕೆ: ನೀರು ಹೀರುವುದೇ ಇಲ್ಲವೆನ್ನಬಹುದು, ಕಲೆ ಹಿಡಿಯುವುದು ಕಡಿಮೆ. ಮಳೆ ಎರಚುವ ಸಿಟೌಟಿಗೆ ಮಾತ್ರ ಪಾಲಿಶ್ ಇರುವುದು ಬೇಡವೇ ಬೇಡ, ಮ್ಯಾಟ್ ತೆಗೆದುಕೊಳ್ಳಿ.

ತೊಂದರೆ ಲೆಕ್ಕದಲ್ಲಿದೆ. ನಾಲ್ಕು ಟೈಲಿನ ಬಾಕ್ಸನ್ನು ಬಾಯಿಮಾತಿನಲ್ಲಿ 16 ಚದರಡಿ ಎನ್ನುತ್ತಾರೆ. ನಿಜಕ್ಕೆ ಅದು 1.44 ಚದರ ಮೀಟರ್, ಅಂದರೆ 15.5 ಚದರಡಿ. 12×14 ಅಡಿಯ ಕೋಣೆಗೆ ನೆಲ 168, ಬಾಗಿಲು ಬಿಟ್ಟು ನಾಲ್ಕು ಇಂಚಿನ ಸ್ಕರ್ಟಿಂಗ್ (ಗೋಡೆಯ ಬುಡಕ್ಕೆ ಹಾಕುವ ಟೈಲ್ ಪಟ್ಟಿ) ಸುಮಾರು 16, ಒಟ್ಟು 184. ಕತ್ತರಿಸಿ ಹಾಳಾಗುವುದಕ್ಕೆ ಶೇ. 10 ಸೇರಿಸಿದರೆ 202 ದಾಟುತ್ತದೆ. 16ರಿಂದ ಭಾಗಿಸಿದರೆ 13 ಬಾಕ್ಸ್, 15.5ರಿಂದ ಭಾಗಿಸಿದರೆ 14. ಕೊನೆಯ ಮೂಲೆಯಲ್ಲಿ ಕೆಲಸ ನಿಲ್ಲುವುದು ಆ ಒಂದು ಬಾಕ್ಸಿಗಾಗಿಯೇ.

ಹಳೆಯ ಕೆಂಪುಕಲ್ಲಿನ ಮನೆಗಳಲ್ಲಿ ಗೋಡೆ ಮಟ್ಟಸವಾಗಿ ಇರುವುದು ಅಪರೂಪ. ಉದ್ದ, ಅಗಲ ಎರಡನ್ನೂ ಎರಡೆರಡು ಕಡೆ ಅಳೆದು ದೊಡ್ಡದನ್ನೇ ಹಿಡಿಯಿರಿ. ಓರೆಯಾಗಿ ಹಾಸುವುದಾದರೆ ಶೇ. 15 ಹೆಚ್ಚುವರಿ ಬೇಕು.

ಎಲ್ಲ ಬಾಕ್ಸಿನ ಬ್ಯಾಚ್, ಶೇಡ್ ನಂಬರ್ ಒಂದೇ ಇರಲಿ. ಆಮೇಲೆ ತಂದದ್ದು ಬಣ್ಣದಲ್ಲಿ ಬೇರೆಯಾಗಿ ಕಾಣುತ್ತದೆ. ತೆರೆಯದೆ ಉಳಿದ ಬಾಕ್ಸ್ ವಾಪಸ್ ತೆಗೆದುಕೊಳ್ಳುತ್ತಾರೆಯೇ ಎಂದು ಬಿಲ್ ಮಾಡುವ ಮೊದಲೇ ಕೇಳಿ, ಬಿಲ್ಲಿನಲ್ಲೇ ಬರೆಸಿಕೊಳ್ಳಿ.