ಹೊಸ ಬ್ರೇಕ್ ಪ್ಯಾಡ್: ಪಳಗಿಸಲು ಎರಡು ದಾರಿ, ಕೀಚಲು ಸದ್ದಿಗೆ ನಾಲ್ಕು ಮದ್ದು

ಹೊಸ ಪ್ಯಾಡ್ ಪಳಗಿಸುವ ವಿಷಯದಲ್ಲಿ ಕಾರಿನವರು ಎರಡು ಪಂಗಡ. ಮೊದಲ 300 ಕಿಲೋಮೀಟರ್ ಮೆತ್ತಗೆ ಓಡಿಸಿ, ತಾನೇ ಸರಿಹೋಗುತ್ತದೆ ಅನ್ನುವವರು ಒಂದು ಕಡೆ. ಖಾಲಿ ರಸ್ತೆ ನೋಡಿಕೊಂಡು ಸಾಲಾಗಿ ಬ್ರೇಕ್ ಒತ್ತಿ ಒಂದೇ ಸಲಕ್ಕೆ ಮುಗಿಸಿ ಅನ್ನುವವರು ಇನ್ನೊಂದು ಕಡೆ. ಒಂದೇ ಕಾರಿನಲ್ಲಿ, ಬೇರೆ ಬೇರೆ ಸಲ ಪ್ಯಾಡ್ ಬದಲಿಸಿದಾಗ, ನಾನು ಎರಡನ್ನೂ ಮಾಡಿ ನೋಡಿದ್ದೇನೆ. ಖಾಲಿ ರಸ್ತೆ ಸಿಕ್ಕರೆ ಎರಡನೆಯದೇ ಮೇಲು.

ಕಾರಣ ಇಷ್ಟೇ. ಪ್ಯಾಡ್‌ನ ವಸ್ತು ಡಿಸ್ಕ್ (ಚಕ್ರದ ಜೊತೆ ತಿರುಗುವ, ಪ್ಯಾಡ್ ಹಿಡಿಯುವ ಲೋಹದ ತಟ್ಟೆ) ಮೇಲೆ ತೆಳುವಾಗಿ, ಎಲ್ಲ ಕಡೆ ಸಮನಾಗಿ ಮೆತ್ತಿಕೊಳ್ಳಬೇಕು. ಆ ಪದರ ಕೂತ ಮೇಲೇ ಬ್ರೇಕಿಗೆ ಪೂರ್ತಿ ಹಿಡಿತ ಬರುವುದು. ಅದು ಕೂರಲು ಬಿಸಿ ಬೇಕು. ಆದರೆ ಬಿಸಿ ಒಮ್ಮೆಗೇ ಏರಿದರೆ ಪ್ಯಾಡ್‌ನೊಳಗಿನ ಅಂಟು ಅನಿಲ ಬಿಡುತ್ತದೆ, ಆಗ ಬ್ರೇಕ್ ಹಿಡಿಯದೆ ಜಾರುತ್ತದೆ. ಹಾಗಾಗಿ ಬಿಸಿಯನ್ನು ಮೆಟ್ಟಿಲು ಮೆಟ್ಟಿಲಾಗಿ ಏರಿಸಬೇಕು.

ಮೆತ್ತಗೆ ಓಡಿಸುವ ದಾರಿಯಲ್ಲಿ ತಲೆನೋವಿಲ್ಲ, ಅದು ನಿಜ. ಟ್ರಾಫಿಕ್‌ನಲ್ಲೂ ನಡೆಯುತ್ತದೆ. ಆದರೆ ಟ್ರಾಫಿಕ್‌ನಲ್ಲಿ ನಾವು ಮಾಡುವುದು ಏನು? ನಿಲ್ಲುವುದು, ಪೆಡಲ್ ಒತ್ತಿಕೊಂಡೇ ಕಾಯುವುದು. ಪದರ ಸಮನಾಗಿ ಕೂರುವುದೇ ಇಲ್ಲ. ನನ್ನ ಕಾರಿನಲ್ಲಿ ಪೆಡಲ್ ಬಹಳ ದಿನ ಮರದ ಹಲಗೆ ಒತ್ತಿದಂತೆ ಇತ್ತು, ನಿಧಾನಕ್ಕೆ ನಿಲ್ಲಿಸುವಾಗ ಸಣ್ಣ ನರಳುವ ಸದ್ದೂ ಬರುತ್ತಿತ್ತು.

ಎರಡನೇ ದಾರಿ ಹೀಗೆ. ಹೊರಡುವ ಮುನ್ನ, ಕಾರು ನಿಂತಿರುವಾಗಲೇ, ಪೆಡಲ್ ಗಟ್ಟಿಯಾಗುವವರೆಗೂ ಹಲವು ಸಲ ಒತ್ತಿ. ಪ್ಯಾಡ್ ಹಾಕಲು, ಅದನ್ನು ಡಿಸ್ಕಿಗೆ ಒತ್ತುವ ಪಿಸ್ಟನ್ ಹಿಂದೆ ತಳ್ಳಿರುತ್ತಾರೆ, ಮೊದಲ ಒತ್ತು ನೆಲಕ್ಕೇ ಹೋಗುತ್ತದೆ. ಆಮೇಲೆ ಗಂಟೆಗೆ 50 ಕಿಲೋಮೀಟರ್ ವೇಗದಿಂದ 10ರ ತನಕ, ಮಧ್ಯಮ ಒತ್ತಿನಲ್ಲಿ, ಎಂಟು ಹತ್ತು ಸಲ ಇಳಿಸಿ. ನಂತರ 80ರಿಂದ 20ಕ್ಕೆ, ಸ್ವಲ್ಪ ಗಟ್ಟಿಯಾಗಿ, ಕೆಲವು ಸಲ. ಎಬಿಎಸ್ (ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಕೆಲಸ ಮಾಡುವಷ್ಟು ಒತ್ತಬೇಡಿ. ಸುಟ್ಟ ವಾಸನೆ ಬಂದರೆ ಗಾಬರಿ ಬೇಡ, ಅದು ಆ ಅಂಟಿನದೇ. ಕೊನೆಗೆ ಹತ್ತು ಹದಿನೈದು ನಿಮಿಷ ಬ್ರೇಕ್ ಆದಷ್ಟು ಮುಟ್ಟದೆ ಓಡಿಸಿ ತಣಿಸಿ.

ಇಷ್ಟರಲ್ಲಿ ಎಲ್ಲೂ ಪೂರ್ತಿ ನಿಲ್ಲಿಸಿ ಪೆಡಲ್ ಒತ್ತಿ ಹಿಡಿಯಬಾರದು. ಕೆಂಡದಂತಾದ ಪ್ಯಾಡ್ ಡಿಸ್ಕ್‌ನ ಒಂದೇ ಜಾಗದಲ್ಲಿ ಅಚ್ಚು ಬಿಡುತ್ತದೆ. ಆಮೇಲೆ ಬ್ರೇಕ್ ಹಾಕಿದಾಗೆಲ್ಲ ಸ್ಟೀರಿಂಗ್ ನಡುಗುತ್ತದೆ. ಡಿಸ್ಕ್ ಬೆಂಡ್ ಆಗಿದೆ ಅಂತ ಹೇಳುವ ಎಷ್ಟೋ ಕೇಸುಗಳಲ್ಲಿ ಇರುವುದು ಈ ಅಚ್ಚು ಮಾತ್ರ.

ಪ್ಯಾಡ್ ಯಾವುದು ಅನ್ನುವುದೂ ಮುಖ್ಯ. ಲೋಹದ ಚೂರು ಬೆರೆತ ಸೆಮಿ ಮೆಟಾಲಿಕ್ ಪ್ಯಾಡ್‌ನಲ್ಲಿ ಎರಡು ದಾರಿಗಳ ವ್ಯತ್ಯಾಸ ಕಾಲಿಗೇ ಗೊತ್ತಾಯಿತು. ಸೆರಾಮಿಕ್‌ನಲ್ಲಿ ಅಷ್ಟೇನೂ ಕಾಣಲಿಲ್ಲ. ಕೆಲವು ಪ್ಯಾಡ್‌ಗಳ ಮೇಲ್ಮೈಯನ್ನು ಕಾರ್ಖಾನೆಯಲ್ಲೇ ಸುಟ್ಟು ಕಳಿಸುತ್ತಾರೆ, ಅವಕ್ಕೆ ಮೆತ್ತಗೆ ಓಡಿಸಿದರೂ ಸಾಕು. ಪೆಟ್ಟಿಗೆಯೊಳಗಿನ ಚೀಟಿ ಬೇರೆ ರೀತಿ ಹೇಳಿದರೆ ಅದರ ಮಾತೇ ಕೇಳಿ.

ಇನ್ನು ಕೀಚಲು ಸದ್ದು. ಪ್ಯಾಡ್, ಅದನ್ನು ಹಿಡಿದು ಒತ್ತುವ ಕ್ಯಾಲಿಪರ್, ಡಿಸ್ಕ್ ಮೂರೂ ಸೇರಿ ಸೆಕೆಂಡಿಗೆ ಸಾವಿರಾರು ಸಲ ಕಂಪಿಸುವುದೇ ಆ ಸದ್ದು. ನಾನು ಪ್ರಯತ್ನಿಸಿದ ಮದ್ದುಗಳಲ್ಲಿ ಜಾಸ್ತಿ ಹೆಸರು ಮಾಡಿದ್ದು, ಕಡಿಮೆ ಕೆಲಸ ಮಾಡಿದ್ದು, ಪ್ಯಾಡ್ ಬೆನ್ನಿಗೆ ಹಚ್ಚುವ ಪೇಸ್ಟ್. ಶುರುವಿನಲ್ಲಿ ಸದ್ದು ಅಡಗಿತು, ಬಿಸಿಗೆ ಪೇಸ್ಟ್ ಒಣಗಿ ಉದುರಿದಂತೆ ಮರಳಿ ಬಂತು. ಅದರ ಬದಲು ಬೆನ್ನಿಗೆ ಕೂರುವ ಶಿಮ್ ಎಷ್ಟೋ ಮೇಲು. ತೆಳು ತಗಡು, ನಡುವೆ ರಬ್ಬರ್ ಪದರ. ಕಂಪನವನ್ನು ಅದೇ ನುಂಗುತ್ತದೆ. ಪ್ಯಾಡ್ ಜೊತೆಗೇ ಬಂದಿದ್ದರೆ ಎಸೆಯಬೇಡಿ.

ಆದರೆ ನನಗೆ ಹೆಚ್ಚು ಫಲ ಕೊಟ್ಟಿದ್ದು ಬೇಜಾರಿನ ಕೆಲಸ. ಪ್ಯಾಡ್‌ನ ಕಿವಿ (ಎರಡು ತುದಿಯ ಚಾಚು) ಕೂರುವ ಕ್ಲಿಪ್ ತೆಗೆದು, ಅದರ ಅಡಿಯ ತುಕ್ಕನ್ನು ತಂತಿ ಬ್ರಷ್‌ನಿಂದ ಉಜ್ಜಿ, ಸಾಧ್ಯವಾದರೆ ಹೊಸ ಕ್ಲಿಪ್ ಹಾಕಿ, ಕಿವಿಗೆ ತೀರಾ ತೆಳುವಾಗಿ ಬ್ರೇಕ್ ಗ್ರೀಸ್ ಹಚ್ಚುವುದು. ಪ್ಯಾಡ್ ಸಲೀಸಾಗಿ ಹಿಂದೆ ಮುಂದೆ ಸರಿಯಬೇಕು, ಅಲ್ಲಾಡಬಾರದು. ಕ್ಯಾಲಿಪರ್ ಹಿಂದೆ ಮುಂದೆ ಸರಿಯುವ ಸ್ಲೈಡ್ ಪಿನ್‌ಗೂ ಹಾಗೆಯೇ, ಆದರೆ ಅಲ್ಲಿ ಸಿಲಿಕೋನ್ ಗ್ರೀಸೇ ಆಗಬೇಕು. ಚಕ್ರದ ಬೇರಿಂಗಿಗೆ ಹಾಕುವ ಮಾಮೂಲಿ ಗ್ರೀಸ್ ಅಲ್ಲಿನ ರಬ್ಬರನ್ನು ಉಬ್ಬಿಸಿ ಪಿನ್ ಕಚ್ಚಿಕೊಳ್ಳುವಂತೆ ಮಾಡುತ್ತದೆ. ಪ್ಯಾಡ್‌ನ ಮುಖಕ್ಕಾಗಲಿ ಡಿಸ್ಕಿಗಾಗಲಿ ಗ್ರೀಸ್ ತಾಗಲೇಬಾರದು. ಇದನ್ನು ಹೇಳಬೇಕಾ ಅನ್ನಬೇಡಿ, ಹಚ್ಚಿದವರನ್ನು ನೋಡಿದ್ದೇನೆ.

ನಾಲ್ಕನೆಯದು ಮುಖ ಉಜ್ಜುವುದು. ಪ್ಯಾಡ್ ಕಾದು ಪಳಪಳ ಹೊಳೆಯುತ್ತಿದ್ದರೆ ಮಾತ್ರ ಸ್ಯಾಂಡ್ ಪೇಪರ್ ಹಾಕಿ ಆ ಹೊಳಪು ತೆಗೆಯಿರಿ. ಅಂಚು ಚೂಪಾಗಿದ್ದರೆ ಓರೆಯಾಗಿ ಉಜ್ಜಿದರೂ ಸದ್ದು ತಗ್ಗುತ್ತದೆ. ಮಾಸ್ಕ್ ಹಾಕಿಕೊಳ್ಳಿ, ಧೂಳನ್ನು ಗಾಳಿಯಿಂದ ಊದಬೇಡಿ. ಉಜ್ಜಿದ ಮೇಲೆ ಮತ್ತೆ ಪಳಗಿಸಬೇಕು, ಅದಕ್ಕೇ ಇದು ನನ್ನ ಪಟ್ಟಿಯಲ್ಲಿ ಕೊನೆಗೆ.

ಬೆಳಗ್ಗೆ ಮೊದಲ ನಾಲ್ಕೈದು ಬ್ರೇಕಿಗೆ ಮಾತ್ರ ಕೀಚಿದರೆ ಅದು ರಾತ್ರಿ ತೇವಕ್ಕೆ ಡಿಸ್ಕ್ ಮೇಲೆ ಕೂತ ತುಕ್ಕಿನ ಪದರ. ಅದಕ್ಕೆ ಸುಮ್ನೆ ಕೈ ಹಾಕಬೇಡಿ. ಹಳೇ ಪ್ಯಾಡ್ ಓಡುವಾಗಲೇ ಕೀಚುತ್ತಿದ್ದರೆ, ಸವೆತ ತಿಳಿಸುವ ಲೋಹದ ನಾಲಿಗೆ ಡಿಸ್ಕಿಗೆ ತಾಗುತ್ತಿರಬಹುದು. ಪ್ಯಾಡ್ ಬದಲಿಸುವ ಸಮಯ. ಕೀಚಲು ಹೋಗಿ ಕರಕರ ಅಂತ ಲೋಹ ಉಜ್ಜುವ ಸದ್ದು ಬಂದರೆ ಈ ಯಾವ ಮದ್ದೂ ನಾಟುವುದಿಲ್ಲ. ಕಾರು ನಿಲ್ಲಿಸಿ ಚಕ್ರ ಬಿಚ್ಚಿಸಿ ನೋಡಿ.