ವಾಂಟನ್ ಸೂಪೋ, ಹುಳಿ ಸೂಪಿನ ಜಿಯಾವ್‌ಝಿಯೋ?

ಮನೆಯಲ್ಲಿ ಚೀನಾದ ಡಂಪ್ಲಿಂಗ್ (ಹಿಟ್ಟಿನ ಹಾಳೆಯೊಳಗೆ ಹೂರಣ ತುಂಬಿದ ಕಡುಬು) ಸೂಪ್ ಮಾಡಹೊರಟವರು ಗುವಾಂಗ್‌ಡಾಂಗ್ ಕಡೆಯ ವಾಂಟನ್, ಶಿಆನ್ ಕಡೆಯ ಹುಳಿ ಸೂಪಿನ ಜಿಯಾವ್‌ಝಿ, ಇವೆರಡರಲ್ಲಿ ಒಂದನ್ನು ಆರಿಸಿಕೊಳ್ಳಬಹುದು.

ವಾಂಟನ್‌ನ ಜೀವ ಇರುವುದು ಸೂಪಿನಲ್ಲಿ. ಹಂದಿ ಮೂಳೆ, ಒಣಮೀನು ಹಾಕಿ ಗಂಟೆಗಟ್ಟಲೆ ಸಣ್ಣ ಉರಿಯಲ್ಲಿ ಕುದಿಸಬೇಕು. ಮೊಟ್ಟೆ ಹಾಕಿ ಕಲಸಿದ ಚೌಕ ಹಾಳೆ ಬಲು ತೆಳು. ಲಟ್ಟಣಿಗೆಯಲ್ಲಿ ಅಷ್ಟು ತೆಳ್ಳಗೆ ಬರುವುದು ಕಷ್ಟ, ಅಂಗಡಿಯದ್ದೇ ತನ್ನಿ. ಹೂರಣಕ್ಕೆ ಸೀಗಡಿ, ಹಂದಿ ಮಾಂಸ. ಬೇರೆ ನೀರಿನಲ್ಲಿ ಬೇಯಿಸಿ ಆಮೇಲೆ ಸೂಪಿಗೆ ಹಾಕಿ, ಇಲ್ಲದಿದ್ದರೆ ಹಿಟ್ಟು ಬಿಟ್ಟುಕೊಂಡು ತಿಳಿ ಸೂಪೆಲ್ಲ ಮಂದವಾಗುತ್ತದೆ.

ಜಿಯಾವ್‌ಝಿಗೆ ಮೈದಾ, ನೀರು ಸಾಕು. ಕಲಸಿದ ಹಿಟ್ಟನ್ನು ಅರ್ಧ ಗಂಟೆ ಮುಚ್ಚಿಟ್ಟು, ನಡುವೆ ಕೊಂಚ ದಪ್ಪ, ಅಂಚು ತೆಳ್ಳಗಿರುವಂತೆ ಲಟ್ಟಿಸಿ. ಮಡಚಿದಾಗ ಅಂಚು ಎರಡು ಪದರವಾಗುತ್ತದಲ್ಲ, ಅದಕ್ಕೆ. ಬೇಯಿಸುವಾಗ ನೀರು ಉಕ್ಕಿ ಬಂದಾಗಲೆಲ್ಲ ಸ್ವಲ್ಪ ತಣ್ಣೀರು ಹೊಯ್ಯುತ್ತಾರೆ, ಹೀಗೆ 3 ಸಲ. ಹಾಳೆ ಒಡೆಯದೆ ಒಳಗಿನ ಹೂರಣ ಬೇಯುತ್ತದೆ. ಸೂಪಿನ ಕೆಲಸವೆಲ್ಲ ಬಟ್ಟಲಲ್ಲೇ: ಕಪ್ಪು ವಿನೆಗರ್, ಸೋಯಾ ಸಾಸ್, ಒಣಮೆಣಸಿನ ಎಣ್ಣೆ, ಹುರಿದ ಎಳ್ಳು, ಒಣ ಸೀಗಡಿ, ಕೊತ್ತಂಬರಿ. ಇವುಗಳ ಮೇಲೆ ಜಿಯಾವ್‌ಝಿ ಬೇಯಿಸಿದ ಬಿಸಿನೀರನ್ನೇ ಸುರಿದರಾಯಿತು. ಆ ಹುಳಿ ಖಾರದ ಘಮಕ್ಕೆ ನಾನಂತೂ ಸೋತಿದ್ದೇನೆ!

ಮೊದಲ ಸಲ ಮಾಡುವವರು ಜಿಯಾವ್‌ಝಿಯಿಂದಲೇ ಶುರುಮಾಡಿ. ಮಾಂಸ ತಿನ್ನದವರಿಗೂ ಇದೇ ಸರಿ: ಒಣ ಸೀಗಡಿ ಬಿಟ್ಟು, ಅಣಬೆ, ತೋಫು, ಉಪ್ಪು ಬೆರೆಸಿ ನೀರು ಹಿಂಡಿದ ಎಲೆಕೋಸು ತುಂಬಿ. ಮನೆಯಲ್ಲಿ ಖಾರ ಒಗ್ಗದ ಮಕ್ಕಳಿದ್ದು, ಕೈಯಲ್ಲಿ ಸಮಯವೂ ಇದ್ದರೆ ವಾಂಟನ್.